ಬಿಟ್ಟ ಮಾತಿಗೆ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸು, ಮಾರ್ಚಿ ತಿಂಗಳು.
ಹಲ್ಲರಿನಿಂದೆದ್ದ ಹೊಟ್ಟು ಕಿವಿಗೂ ಹೊಕ್ಕು
ಮಧ್ಯಾಹ್ನದ ಅನ್ನಕ್ಕೂ ಬೀಜದ ಸಿಪ್ಪೆಯದೇ ರುಚಿ.

ಗೋಡೆಯ ಪ್ಯಾನೆಲ್ಲಿನೊಳಗೆ ಪಿಎಲ್‌ಸಿ,
ಬೂದು ಬಣ್ಣದ ಪೆಟ್ಟಿಗೆ, ಹಿಡಿದದ್ದೇ ದಾರಿ:
ಎಲ್ಲ ಇನ್‌ಪುಟ್ಟುಗಳ ಮೇಲೆ ಒಮ್ಮೆ ಕಣ್ಣಾಡಿಸುವುದು,
ಲ್ಯಾಡರಿನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು,
ಮೋಟಾರಿಗೆ, ವಾಲ್ವಿಗೆ ಹೇಳಬೇಕಾದ್ದು ಹೇಳಿ
ಮತ್ತೆ ಮೇಲಿನಿಂದ.
ಒಂದು ಸುತ್ತಿಗೆ ಇಪ್ಪತ್ತೆರಡು ಮಿಲಿಸೆಕೆಂಡು.
ನೀವು ರೆಪ್ಪೆ ಬಡಿಯುವುದರೊಳಗೆ ಹತ್ತು ಪ್ರದಕ್ಷಿಣೆ.

ಧಾರಾಳ ಆಯ್ತು, ಅಂದಿದ್ದೆ ನಾನು.

ಗೋಣಿಯ ಜೊತೆ ಬಂದ ಒಂದು ಮೊಳೆ
ಸೆನ್ಸರಿನ ಕೆಳಗೆ ಇದ್ದದ್ದು ಮೂರೇ ಮಿಲಿಸೆಕೆಂಡು.
ಸೆನ್ಸರು ಕೂಗಿತು.
ಪೆಟ್ಟಿಗೆ ಆಗ ನಲವತ್ತನೇ ಮೆಟ್ಟಿಲಲ್ಲಿ
ಗೋದಾಮಿನ ಫ್ಯಾನಿನ ಲೆಕ್ಕದಲ್ಲಿತ್ತು.
ಸುತ್ತು ಮುಗಿಸಿ ನೋಡಿದರೆ ಕೂಗಿದವರು ಯಾರೂ ಇಲ್ಲ.
ಮೊಳೆ ನೇರ ಪೀಬೆರಿ ಚೀಲಕ್ಕೆ.
ಮ್ಯಾನೇಜರ್ ಚೆಂಗಪ್ಪನವರು ಅದನ್ನು ತಂದು
ನನ್ನ ಮೇಜಿನ ಮೇಲಿಟ್ಟು ಹೋದರು.
ಬೈಯಲಿಲ್ಲ. ಅದೇ ಬೈಗುಳ.

ಕಾಳು ಆರಿಸುವವರ ಸಾಲಿನ ಕೊನೆಗೆ ನಬೀಸಮ್ಮ.
ಕೈ ತಟ್ಟೆಯಲ್ಲಿ, ಬಾಯಿ ಸುಂಟಿಕೊಪ್ಪದ ಯಾವುದೋ ಮದುವೆಯಲ್ಲಿ:
“ಜೀಪು ಹೂತುಹೋಯ್ತು, ಮದುಮಗಳ ಚಿಕ್ಕಪ್ಪ...”
ಬೆರಳಿಗೆ ಕಲ್ಲು.
ಮಾತು ನಿಂತಿತು, ಕಲ್ಲು ಡಬ್ಬಿಗೆ ಬಿತ್ತು, ಟಣ್,
“...ಹೊಸ ಬೂಟು ಕಳಚಿ ಕೆಸರಿಗಿಳಿದ.”
ಕರಿಬೀಜಕ್ಕೆ ಆಕೆ ನಿಲ್ಲುವುದಿಲ್ಲ,
ಅದು ಮಾತಿನ ಜೊತೆಗೇ ಸಾಗುವ ಕೆಲಸ.
ಕಲ್ಲಿಗೆ ಮಾತ್ರ.
ಅಷ್ಟರಲ್ಲಿ ಐದರ ಸೈರನ್ನು. ಎಲ್ಲರೂ ಎದ್ದರು.

ಆ ರಾತ್ರಿ ಇಂಟರಪ್ಟ್ ಬರೆಯಲು ಕೂತೆ.
ಸೆನ್ಸರಿನ ತಂತಿಯನ್ನು ವೇಗದ ಇನ್‌ಪುಟ್ಟಿಗೆ ಎಳೆದು:
ಇದು ಕೂಗಿದರೆ ಸರದಿ ಕಾಯಿಸಬೇಡ,
ಮಾಡುತ್ತಿದ್ದುದನ್ನು ಇದ್ದಲ್ಲೇ ಬಿಡು, ಬಿಟ್ಟಲ್ಲಿ ಗುರುತಿಡು,
ಫ್ಲಾಪ್ ತೆರೆ, ವಾಪಸ್ ಹೋಗು.
ಆಸೆ ಬಿಡಬೇಕಲ್ಲ. ಸಾವಿರ ಹಳೆಯ ದಾಖಲೆ ಹುಡುಕುವ ಲೂಪು,
ಸರಾಸರಿ, ಚೀಲದ ನಂಬರು, ಎಲ್ಲ ಅದರೊಳಗೇ ತುರುಕಿದೆ.
ಪೆಟ್ಟಿಗೆ ಕೆಂಪು ದೀಪ ಹಾಕಿ ಸತ್ತಂತೆ ನಿಂತಿತು.
ಡಬ್ಬಿಗೆ ಕಲ್ಲು ಹಾಕಲು ಎದ್ದವಳು
ಡಬ್ಬಿ ತೊಳೆದು, ಬಿಸಿಲಿಗಿಟ್ಟು, ಕಾವಲು ಕೂತರೆ
ಕಾಳು ಯಾರು ಆರಿಸುವುದು?
ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ನಾಲ್ಕು ಸಾಲು.

ಎರಡು ಒಟ್ಟಿಗೇ ಕೂಗಿದರೆ?
ಆನೆಕಾಡಿನ ತಿರುವಿನಲ್ಲಿ ಸಲಗ ನಿಂತಾಗ
ಮಡಿಕೇರಿ ಬಸ್ಸಾಗಲಿ ಮಂತ್ರಿಯ ಕಾರಾಗಲಿ ಹಾರ್ನ್ ಹೊಡೆಯುವುದಿಲ್ಲ.
ಆ ಥರದ ಒಂದು ಪಟ್ಟಿ ಬೇಕು, ಬರೆದೆ.
ಕೈ ಸಿಕ್ಕಿಕೊಂಡರೆ ಗುದ್ದುವ ಕೆಂಪು ಗುಂಡಿ ಮಾತ್ರ ಅದರಲ್ಲಿಲ್ಲ.
ಅದರ ತಂತಿ ನೇರ ಕರೆಂಟನ್ನೇ ಕಡಿಯುತ್ತದೆ.
ಒಬ್ಬರ ಬೆರಳನ್ನು
ನನ್ನ ಬರವಣಿಗೆಗೆ ಒಪ್ಪಿಸುವಷ್ಟು ಧೈರ್ಯ ನನಗಿಲ್ಲ.

ಧೈರ್ಯ ಇರುವುದಾದರೂ ಹೇಗೆ.
ಪ್ಯಾನೆಲ್ಲಿನೊಳಗೆ ತಲೆ ಹಾಕಿದ್ದಾಗ ಮನೆಯಿಂದ ಫೋನು,
ಗ್ಯಾಸ್ ಸಿಲಿಂಡರಿನ ಮಾತು, ಅರ್ಧ ನಿಮಿಷ.
ತಿರುಗಿ ನೋಡಿದರೆ ಕೈಯಲ್ಲಿ ಸ್ಕ್ರೂಡ್ರೈವರು,
ಬಿಗಿಸುತ್ತಿದ್ದದ್ದು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ?
ಎರಡನ್ನೂ ಬಿಚ್ಚಿ ಮೊದಲಿನಿಂದ ಬಿಗಿದೆ.

ನಬೀಸಮ್ಮ ಮಾರನೆಯ ದಿನ ಬರಲಿಲ್ಲ.
ಮಡಿಕೇರಿಯಲ್ಲಿ ಕಣ್ಣಿನ ಆಪರೇಷನ್ನಂತೆ.
ಇಪ್ಪತ್ತು ದಿನ ಸಾಲು ಬಾಯಿ ಮುಚ್ಚಿ ಆರಿಸಿತು.
ನನ್ನ ಇಂಟರಪ್ಟ್ ಅಷ್ಟರಲ್ಲಿ ಎರಡು ಮೊಳೆ, ಒಂದು ಬ್ಲೇಡಿನ ಚೂರು
ಹಿಡಿದಿತ್ತು. ಚೆಂಗಪ್ಪನವರು ಹ್ಞೂಂ ಅಂದರು.

ಬಂದಳು, ಕಪ್ಪು ಕನ್ನಡಕ,
ಸ್ಟೂಲು ಸರಿಸಿ, ತಟ್ಟೆ ಹತ್ತಿರಕ್ಕೆ ಎಳೆದುಕೊಂಡು,
ಹೇಗಿದ್ದೀಯ ಎಂದವರಿಗೂ ಉತ್ತರ ಕೊಡದೆ
“ಕೆಸರೆಂದರೆ ಮೊಣಕಾಲ ತನಕ ಮಾರಾಯ್ತಿ,” ಎಂದಳು.